ಬೈಯುವ ಹಕ್ಕು

ಗೆಸಾರೆ ಹಿತ್ತಲಲ್ಲಿ ಚಿನ್ಸಾಗ ಸೊಪ್ಪು ಕೀಳುತ್ತಿದ್ದಾಗ ತೊರೆಯ ಕಡೆಯಿಂದ ಕಿರುಚಾಟ ಕೇಳಿಸಿತು. ತಲೆಯೆತ್ತಿ ನೋಡಿದರೆ ಚಹಾ ಗಿಡಗಳ ನಡುವಿನ ಕಾಲುದಾರಿಯಲ್ಲಿ ಅವಳ ಸವತಿ ಬೊಚಬೇರಿ ಸರಸರ ಇಳಿದು ಹೋಗುತ್ತಿದ್ದಳು. ಬರಿಗಾಲು. ಮೈಮೇಲೆ ಒಳಲಂಗವೊಂದೇ. ಮೇಲಿನ ಬಟ್ಟೆಯನ್ನು ಬಿಚ್ಚಿ ಬೆನ್ನಿಗೆ ಏನನ್ನೋ ಕಟ್ಟಿಕೊಂಡಿದ್ದಳು. ಅವಳ ಹಿಂದೆ ಪಕ್ಕದ ಮನೆಯ ಕೆಮುಂಟೊ ಎದೆ ಬಡಿದುಕೊಳ್ಳುತ್ತ ಓಡಿ ಬರುತ್ತಿದ್ದಳು.

"ನನ್ನ ಕೂಸು! ಹಿಡೀರೋ ಅವಳನ್ನ! ಮಲಗಿದ್ದ ಕೂಸನ್ನ ಎತ್ಕೊಂಡು ಹೋಗ್ತಿದಾಳೆ!"

ಗೆಸಾರೆ ಸೊಪ್ಪಿನ ಬುಟ್ಟಿ ಎಸೆದು ಚಹಾ ಗಿಡಗಳನ್ನು ಸೀಳಿಕೊಂಡು ಹೋಗಿ ದಾರಿಗೆ ಅಡ್ಡ ನಿಂತಳು. ಬೊಚಬೇರಿಯ ಬೆನ್ನಿನ ಮೇಲೆ ಕೆಮುಂಟೊಳ ಹಸುಗೂಸು ಕೆನ್ನೆ ಒತ್ತಿಕೊಂಡು ನಿದ್ದೆ ಮಾಡುತ್ತಿತ್ತು.

"ದಾರಿ ಬಿಡೇ. ಮಗೂಗೆ ಸ್ನಾನ ಮಾಡಿಸ್ಬೇಕು, ಬಿಸಿಲು ಇಳಿಯುತ್ತೆ," ಅಂದಳು ಬೊಚಬೇರಿ.

"ಯಾರ ಮಗು ಅಕ್ಕ ಅದು?"

"ಯಾರದು ಅಂತ ಬೇರೆ ಕೇಳ್ತೀಯಾ! ನನ್ನ ಜಾಬ್ಲನ್."

ಜಾಬ್ಲನ್‌ಗೆ ತಲೆ ಅರ್ಧ ನರೆತಿತ್ತು, ಸಂತೆಬೀದಿಯಲ್ಲಿ ಅಂಗಡಿಯಿತ್ತು, ಮದುವೆಗೆ ಬಂದ ಮಕ್ಕಳಿದ್ದರು. ಗೆಸಾರೆ ವಾದ ಮಾಡಲಿಲ್ಲ. "ನೀರು ಕಾಯಿಸಿಟ್ಟಿದೀನಿ, ಇಲ್ಲಿ ಕೊಡು," ಎಂದು ಕೈಚಾಚಿದಳು.

"ನಿನ್ನ ಕೈಗಾ? ನನ್ನ ಗಂಡನ್ನ ಕಿತ್ಕೊಂಡವಳೇ, ಮಗನ್ನೂ ಕೊಡ್ಬೇಕಾ ನಿನಗೆ?"

ಅಷ್ಟರಲ್ಲಿ ಕೆಮುಂಟೊ ಬಂದು ಗಂಟು ಹರಿದು ಮಗುವನ್ನು ಕಿತ್ತುಕೊಂಡಳು. ಮಗು ಎಚ್ಚರಗೊಂಡು ಚೀರಿತು. ಬೊಚಬೇರಿ ಖಾಲಿಯಾದ ಬಟ್ಟೆಯನ್ನು ಕೈಯಲ್ಲಿ ಹಿಡಿದು, ಯಾರು ಯಾಕೆ ಅಳುತ್ತಿದ್ದಾರೆ ಎಂದು ತಿಳಿಯದೆ, ತಾನೂ ಅಳತೊಡಗಿದಳು.

ಗೆಸಾರೆ ಆ ಮನೆಗೆ ಎರಡನೆಯ ಹೆಂಡತಿಯಾಗಿ ಬಂದ ದಿನ ಬೊಚಬೇರಿ ಅಂಗಳದಲ್ಲಿ ನಿಂತು ದಿಣ್ಣೆಗೆಲ್ಲ ಕೇಳುವಂತೆ ಅತ್ತಿದ್ದಳು. ಆಮೇಲೆ ಕಣ್ಣೊರೆಸಿಕೊಂಡು ಬೈಯಲು ಶುರು ಮಾಡಿದವಳು ಮತ್ತೆ ನಿಲ್ಲಿಸಲಿಲ್ಲ. ಇಬ್ಬರ ಮನೆಗಳ ನಡುವೆ ಇದ್ದದ್ದು ಒಂದು ಸಾಲು ಬಾಳೆ. ಆ ಸಾಲು ದಾಟಿ ಒಬ್ಬಳು ಇನ್ನೊಬ್ಬಳ ಹೊಸ್ತಿಲು ತುಳಿದಿರಲಿಲ್ಲ. ಗೆಸಾರೆಯೇನೂ ಕಡಿಮೆಯವಳಲ್ಲ. ಬೊಚಬೇರಿಯ ಕೋಳಿ ತನ್ನ ಅಂಗಳಕ್ಕೆ ಬಂದರೆ ಕಲ್ಲು ಬೀಸುತ್ತಿದ್ದಳು. ಕಲ್ಲು ಕೋಳಿಯನ್ನು ಬಿಟ್ಟು ಅದರ ಒಡತಿಯ ಹತ್ತಿರ ಬೀಳುವಂತೆ ಗುರಿ ನೋಡಿಕೊಂಡೇ ಬೀಸುತ್ತಿದ್ದಳು. ಗಂಡ ನ್ಯಾಕುಂಡಿ ಸತ್ತಾಗ ಇಬ್ಬರೂ ಗುಂಡಿಯ ಆಚೆ ಒಬ್ಬಳು ಈಚೆ ಒಬ್ಬಳು ನಿಂತು, ಒಬ್ಬರ ಮುಖ ಒಬ್ಬರು ನೋಡದೆ ಅತ್ತರು. ಗೆಸಾರೆಯ ಹೆಣ್ಣುಮಕ್ಕಳು ಮದುವೆಯಾಗಿ ದೂರ ಹೋದಮೇಲೆ ಅವಳನ್ನು ದಿನವೂ ತಪ್ಪದೆ ಮಾತಾಡಿಸುತ್ತಿದ್ದವಳು ಬಾಳೆ ಸಾಲಿನ ಆಚೆಯಿಂದ ಬೈಯುವ ಬೊಚಬೇರಿ ಒಬ್ಬಳೇ.

ಆದ್ದರಿಂದಲೇ ಮೊದಲು ಗೊತ್ತಾದದ್ದು ಗೆಸಾರೆಗೆ. ಒಂದು ಬೆಳಿಗ್ಗೆ ಬೊಚಬೇರಿ ಬಾಳೆ ಸಾಲಿನಲ್ಲಿ ನಿಂತು ಬಹಳ ಮರ್ಯಾದೆಯಿಂದ ಕೇಳಿದ್ದಳು: "ತಾಯಿ, ನ್ಯಾಕುಂಡಿಯವರ ಮನೆ ಯಾವ ಕಡೆ?" ಇದು ಹೊಸ ಬಗೆಯ ಚುಚ್ಚುಮಾತು ಎಂದುಕೊಂಡು ಗೆಸಾರೆ ಉಗಿದು ಒಳಗೆ ಹೋದಳು. ಆಮೇಲೆ ಆಚೆ ಮನೆಯಿಂದ ಸುಟ್ಟ ವಾಸನೆ ಬರತೊಡಗಿತು. ನೀರಿಲ್ಲದ ಮಡಕೆ ಒಲೆಯ ಮೇಲೆ ಕೆಂಪಗೆ ಕಾಯುತ್ತಿರುತ್ತಿತ್ತು. ರಾಗಿ ಹಿಟ್ಟು ಅಂಗಳದಲ್ಲಿ ಚೆಲ್ಲಿರುತ್ತಿತ್ತು. ಸೊಸೆ ಊಟದ ತಟ್ಟೆಯನ್ನು ಬಾಗಿಲಲ್ಲಿಟ್ಟು ಹೋಗುತ್ತಿದ್ದಳು. ಅದನ್ನು ಕೋಳಿಗಳು ತಿನ್ನುತ್ತಿದ್ದವು. "ವಯಸ್ಸಾಯ್ತಲ್ಲ ಚಿಕ್ಕಮ್ಮ," ಎನ್ನುತ್ತಿದ್ದ ಜಾಬ್ಲನ್, ಅಂಗಡಿಯ ತಕ್ಕಡಿಯಿಂದ ಕಣ್ಣು ತೆಗೆಯದೆ.

ಕೊನೆಗೆ, ಕೆಮುಂಟೊಳ ಕೂಸಿನ ಗಲಾಟೆಗೂ ಮೊದಲೇ, ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವಳೂ ಗೆಸಾರೆಯೇ. ಬಾಡಿಗೆಯ ಬೋಡಾ ಬೈಕಿನ ಮೇಲೆ ಸವಾರನಿಗೂ ತನಗೂ ನಡುವೆ ಅವಳನ್ನು ಅಮುಕಿ ಕೂರಿಸಿಕೊಂಡಿದ್ದಳು. ದಾರಿಯುದ್ದಕ್ಕೂ ಬೊಚಬೇರಿ, "ಈ ಕಳ್ಳಿ ನನ್ನನ್ನ ಮಾರೋಕೆ ಕರ್ಕೊಂಡು ಹೋಗ್ತಿದಾಳೆ," ಎಂದು ಎದುರು ಸಿಕ್ಕವರಿಗೆಲ್ಲ ಕೂಗಿ ಹೇಳಿದಳು. ಸವಾರ ನಕ್ಕು ನಕ್ಕು ಒಂದು ಕಡೆ ಚರಂಡಿಗೆ ಬೀಳಿಸುವುದರಲ್ಲಿದ್ದ.

ಅಲ್ಲಿನ ಡಾಕ್ಟರಮ್ಮ ತಾಳ್ಮೆಯವಳು. ಬೊಚಬೇರಿಯನ್ನು ಬಹಳ ಹೊತ್ತು ಮಾತಾಡಿಸಿ, ಕೈಗೆ ಸೀಸದಕಡ್ಡಿ ಕೊಟ್ಟು ಏನೇನೋ ಬರೆಸಲು ನೋಡಿ, ಆಮೇಲೆ ಗೆಸಾರೆಗೆ ಹೇಳಿದಳು: "ಇದು ಬರೀ ವಯಸ್ಸಲ್ಲ, ಕಾಯಿಲೆ. ಮಿದುಳು ಸವೀತಾ ಬರುತ್ತೆ. ವಾಸಿಯಾಗೋ ಔಷಧಿ ಇಲ್ಲ. ಅವರು ಬೇಕು ಅಂತ ಏನೂ ಮಾಡ್ತಿಲ್ಲಮ್ಮ. ವಾದ ಮಾಡ್ಬೇಡಿ, ಹೆದರಿಸ್ಬೇಡಿ, ಒಂಟಿಯಾಗಿ ಬಿಡ್ಬೇಡಿ. ಇತ್ತೀಚಿನದು ಮೊದಲು ಮರೆಯುತ್ತೆ, ಹಳೇದು ಕೊನೇಲಿ ಹೋಗುತ್ತೆ."

"ಹಂಗಾದ್ರೆ ನನ್ನ ಮೇಲಿನ ಸಿಟ್ಟು ಕೊನೇಗೆ ಹೋಗೋದಾ?"

ಡಾಕ್ಟರಮ್ಮ ನಕ್ಕಳು. ಗೆಸಾರೆಯ ಮುಖ ನೋಡಿ ನಗು ನಿಲ್ಲಿಸಿದಳು.

ಇದನ್ನೆಲ್ಲ ಗೆಸಾರೆ ಜಾಬ್ಲನ್‌ಗೆ ಹೇಳಿದಳು. ಅವನು ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ದನಿ ತಗ್ಗಿಸಿ ಅಂದ: "ಮಿದುಳಿನ ಕಾಯಿಲೆ ಅಂತ ಬಾಯಿ ಬಿಡಬೇಡ ಚಿಕ್ಕಮ್ಮ. ನಾಳೆ ನನ್ನ ಮಕ್ಕಳಿಗೆ ಸಂಬಂಧ ಕೇಳೋಕೆ ಹೋದ್ರೆ ಹುಚ್ಚು ವಂಶ ಅಂತಾರೆ."

"ಮತ್ತೆ ಏನು ಅನ್ನಿಸ್ಕೋತೀಯ?"

ಅವನು ತಕ್ಕಡಿಯ ಕಡೆ ತಿರುಗಿದ. ಉತ್ತರ ಊರೇ ಕೊಟ್ಟಿತು.

ಬೊಚಬೇರಿ ಮಗುವನ್ನು ಎತ್ತಿಕೊಂಡು ಹೋದ ಕೆಲವೇ ದಿನಕ್ಕೆ ಆ ಮಗುವಿಗೆ ಜ್ವರ ಬಂತು. ಕಣ್ಣು ಮೇಲೆ ಸಿಕ್ಕಿಸಿಕೊಂಡು ಸೆಟೆಯಿತು. ಕೆಮುಂಟೊ ಅದನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದಳು. ಅವಳು ದಿಣ್ಣೆ ಇಳಿಯುವ ಮೊದಲೇ ಮಾತು ದಿಣ್ಣೆ ಹತ್ತಿತ್ತು. ಬೆತ್ತಲೆ ತಿರುಗೋದು ನೋಡಿಲ್ವಾ? ಗಂಡನ ಸಮಾಧಿ ಹತ್ತಿರ ಒಬ್ಬಳೇ ಮಾತಾಡೋದು ಕೇಳಿಲ್ವಾ? ಬೇರೆಯವರ ಮನೆಗೆ ಕೇಳದೆ ನುಗ್ಗಿ ಒಲೆ ಮುಂದೆ ಕೂರೋದು ಯಾಕೆ? ಮಾಟಗಾತಿ ಅನ್ನುವ ಮಾತನ್ನು ಮೊದಲು ಯಾರು ಆಡಿದರೋ ಗೊತ್ತಿಲ್ಲ. ಅದನ್ನು ಮನೆಮನೆಗೆ ಹೊತ್ತು ತಿರುಗಿದವನು ಮಾತ್ರ ನ್ಯಾಕುಂಡಿಯ ಅಣ್ಣನ ಮಗ ಒಂಬಾಟಿ. ಅವನ ಚಹಾ ತೋಟ ಬೊಚಬೇರಿಯ ತೋಟಕ್ಕೆ ಹೊಂದಿಕೊಂಡಿತ್ತು.

ಅವನು ಗೆಸಾರೆಯ ಬಾಗಿಲಿಗೂ ಬಂದ. ಕೂರಲು ಮಣೆ ಕೊಡದಿದ್ದರೂ ತಾನೇ ಹುಡುಕಿ ಎಳೆದುಕೊಂಡು ಕೂತ.

"ಭಾನುವಾರ ಊರ ಹಿರಿಯ ನ್ಯಾಬುಟೊ ಅಂಗಳದಲ್ಲಿ ಸಭೆ ಚಿಕ್ಕಮ್ಮ. ನೀನು ಬರಲೇಬೇಕು. ಅವಳ ಬಗ್ಗೆ ನಿನ್ನಷ್ಟು ಯಾರಿಗೆ ಗೊತ್ತು? ಇಷ್ಟು ವರ್ಷ ನುಂಗಿಕೊಂಡಿದ್ದೀಯ. ಎಲ್ಲಾ ಹೇಳ್ಕೊಳ್ಳೋ ದಿನ ಬಂತು."

"ಬರ್ತೀನಿ," ಅಂದಳು ಗೆಸಾರೆ. "ಹೇಳೋದು ಬಹಳ ಇದೆ."

ಒಂಬಾಟಿ ಖುಷಿಯಿಂದ ಎದ್ದು ಹೋದ.

ಭಾನುವಾರ ಮಧ್ಯಾಹ್ನ ನ್ಯಾಬುಟೊ ಅಂಗಳದ ಬೆಣ್ಣೆಹಣ್ಣಿನ ಮರದ ಕೆಳಗೆ ಊರಿಗೆ ಊರೇ ಸೇರಿತ್ತು. ಮರದ ಬುಡದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಬೊಚಬೇರಿಯನ್ನು ಕೂರಿಸಿದ್ದರು. ಅಷ್ಟು ಜನರನ್ನು ಕಂಡು ಅವಳಿಗೆ ಸಂತೋಷವಾಗಿತ್ತು. ಮದುವೆಗೆ ಬಂದಂತೆ ಮಡಿಲಲ್ಲಿ ಕೈಜೋಡಿಸಿಟ್ಟುಕೊಂಡು ಎಲ್ಲರಿಗೂ ನಗುತ್ತಿದ್ದಳು. ಜಾಬ್ಲನ್ ಹಿಂದಿನ ಸಾಲಿನಲ್ಲಿ ನೆಲ ನೋಡುತ್ತ ನಿಂತಿದ್ದ. ಒಂಬಾಟಿಯ ಕಾಲ ಬಳಿ ಒಂದು ಸೀಮೆಎಣ್ಣೆ ಡಬ್ಬ ಇತ್ತು. ಎಲ್ಲರೂ ಅದನ್ನು ನೋಡಿದ್ದರು. ಅದು ಯಾಕೆ ಅಂತ ಯಾರೂ ಕೇಳಿರಲಿಲ್ಲ.

ನ್ಯಾಬುಟೊ ಗಂಟಲು ಸರಿಮಾಡಿಕೊಂಡ. "ಬೊಚಬೇರಿ, ಕೆಮುಂಟೊ ಮಗುಗೆ ಕಾಯಿಲೆ ತಂದದ್ದು ನೀನಾ?"

"ಹೌದಪ್ಪ," ಅಂದಳು ಬೊಚಬೇರಿ.

ಜನರೊಳಗೆ ಒಂದು ನರಳಾಟ ಹಾದುಹೋಯಿತು. ಹೆಂಗಸರು ಮಕ್ಕಳನ್ನು ಹತ್ತಿರ ಎಳೆದುಕೊಂಡರು.

"ಯಾರ ಜೊತೆ ಸೇರ್ಕೊಂಡು ಮಾಡ್ದೆ?"

"ಎಲ್ಲರೂ ಸೇರ್ಕೊಂಡೇ ಮಾಡಿದ್ವಿ. ಊಟ ಆಯ್ತಾ ನಿಮ್ಮದೆಲ್ಲ?"

"ಒಪ್ಕೊಂಡಳು!" ಒಂಬಾಟಿ ಮುಂದೆ ಬಂದ. "ಇನ್ನು ಏನು ಬೇಕು? ಸಾಲದಿದ್ರೆ ಚಿಕ್ಕಮ್ಮನ್ನ ಕೇಳಿ. ಚಿಕ್ಕಮ್ಮ, ನಿನ್ನ ಎರಡು ಗಂಡುಕೂಸು ಒಂದೇ ವಾರದಲ್ಲಿ ಹೋದವಲ್ಲ, ಯಾರ ಕೈವಾಡ ಅಂತ ನಿನಗೆ ಯಾವತ್ತೂ ಅನಿಸಲಿಲ್ವಾ?"

ಗೆಸಾರೆ ಎದ್ದು ನಿಂತಳು. ಅವಳು ಇದನ್ನು ನಿರೀಕ್ಷಿಸಿರಲಿಲ್ಲ.

"ಅನಿಸಿತ್ತು," ಅಂದಳು. "ಸುಳ್ಳು ಯಾಕೆ ಹೇಳಲಿ, ಅನಿಸಿತ್ತು. ಆ ವರ್ಷ ದಡಾರ ಬಂದಿತ್ತು. ಇಲ್ಲಿ ಕೂತಿರೋ ಮುದುಕಿಯರು ಎಷ್ಟು ಜನ ಕೂಸು ಮಣ್ಣು ಮಾಡಿದ್ರಿ ಅಂತ ನೀವೇ ನೆನಪು ಮಾಡ್ಕೊಳ್ಳಿ. ಅದೇ ವಾರ ಇವಳ ಒಬ್ಬಳೇ ಮಗಳೂ ಹೋದಳು. ಬಾಳೆ ಸಾಲಿನ ಆ ಕಡೆ ಇವಳು ಅಳ್ತಿದ್ಲು, ಈ ಕಡೆ ನಾನು ಅಳ್ತಿದ್ದೆ. ಹೇಳೋ ಒಂಬಾಟಿ, ತನ್ನ ಮಗಳನ್ನೂ ಇವಳೇ ತಿಂದ್ಲಾ?"

ಗೆಸಾರೆ ಕುರ್ಚಿಯ ಬಳಿ ಹೋಗಿ ಸವತಿಯ ಎದುರು ನಿಂತಳು.

"ಅಕ್ಕ, ಹೋದ ವರ್ಷ ಮಳೆ ನಿಲ್ಲಿಸಿದ್ದು ನೀನಾ?"

"ಹೌದು."

"ಈ ಗುಡ್ಡ ಇಲ್ಲಿ ತಂದಿಟ್ಟಿದ್ದು?"

"ನಾನೇ."

"ಒಂಬಾಟಿನ ಹೆತ್ತಿದ್ದು?"

"ಹೌದು, ನಾನೇ ಹೆತ್ತಿದ್ದು. ಬಹಳ ಕಷ್ಟ ಕೊಟ್ಟ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಗೆಸಾರೆ ಜನರ ಕಡೆ ತಿರುಗಿದಳು. "ಕೇಳಿದ್ರಾ? ಏನು ಕೇಳಿದ್ರೂ ಹೌದು ಅಂತಾಳೆ. ನೀವು ಕೇಳಿದ್ದು ಏನು ಅಂತಾನೇ ಅವಳಿಗೆ ತಿಳಿಯಲ್ಲ. ಇಷ್ಟು ಜನ ಕಣ್ಣು ಬಿಟ್ಕೊಂಡು ನೋಡ್ತಿದಾರೆ, ಇಲ್ಲ ಅಂದ್ರೆ ಬೇಜಾರು ಮಾಡ್ಕೋತಾರೇನೋ ಅಂತ ಹೌದು ಅಂತಾಳೆ. ಇದು ಮಿದುಳಿನ ಕಾಯಿಲೆ. ನಾನೇ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ದೆ."

ಗೆದ್ದೆ ಎಂದುಕೊಂಡಳು ಗೆಸಾರೆ. ಆಗ ಬಲಗಡೆಯಿಂದ ಒಂದು ಹೆಂಗಸಿನ ದನಿ ಬಂತು, ಮೆಲ್ಲಗೆ, ಹೆದರಿಕೊಂಡು: "ಅಯ್ಯೋ ದೇವರೇ... ಮಳೇನೂ ಅವಳೇ ನಿಲ್ಲಿಸಿದ್ಲಂತೆ."

"ಹೌದಲ್ವಾ, ನಮ್ಮ ಜೋಳ ಪೂರ್ತಿ ಒಣಗಿ ಹೋಯ್ತು," ಅಂದ ಇನ್ನೊಬ್ಬ.

ಗೆಸಾರೆ ಸುತ್ತ ನೋಡಿದಳು. ಈ ಜನರನ್ನು ಅವಳು ಬಲ್ಲಳು. ಇವರ ಹೆರಿಗೆಗೆ ನೀರು ಕಾಯಿಸಿದ್ದಳು, ಇವರ ಹೆಣದ ಪಕ್ಕ ಕೂತು ಹಾಡಿದ್ದಳು. ಅವರಲ್ಲಿ ಓದಿದವರಿದ್ದರು, ಶಾಲೆಯ ಮೇಷ್ಟರಿದ್ದ, ದೇವರ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡವರಿದ್ದರು. ಒಬ್ಬರ ಕಣ್ಣಿನಲ್ಲೂ ಅನುಮಾನ ಇರಲಿಲ್ಲ. ಭಯ ಇತ್ತು, ಭಯದ ಹಿಂದೆ ಮುಂದೇನಾಗುತ್ತದೋ ನೋಡುವ ಆಸೆ ಇತ್ತು.

"ಅಕ್ಕ," ಅಂದಳು ಗೆಸಾರೆ. ಯಾಕೆ ಕೇಳಿದಳೋ ಅವಳಿಗೇ ತಿಳಿಯದು. "ನಾನು ಒಳ್ಳೆಯವಳಾ?"

"ನೀನಾ?" ಬೊಚಬೇರಿ ಮುಖ ಸಿಂಡರಿಸಿದಳು. "ಥೂ. ನೀನು ಸವತಿ. ನನ್ನ ಮನೆ ಹಾಳು ಮಾಡಿದವಳು."

ಈ ಸಲ ನಗು ಜೋರಾಗಿಯೇ ಬಂತು. ಬಿಗಿದುಕೊಂಡಿದ್ದ ಅಂಗಳ ಒಂದು ಗಳಿಗೆ ಸಡಿಲವಾಯಿತು. ಆ ಗಳಿಗೆಯಲ್ಲೇ ಗೆಸಾರೆ ನುಗ್ಗಿದಳು.

"ನಗ್ರಿ, ನಗ್ರಿ! ಇವಳು ನನ್ನನ್ನ ಬೈದಷ್ಟು ಈ ಭೂಮಿ ಮೇಲೆ ಯಾರೂ ಯಾರನ್ನೂ ಬೈದಿಲ್ಲ. ನಾನೂ ಬಿಟ್ಟಿಲ್ಲ. ಇವಳನ್ನ ಬೈಯೋ ಹಕ್ಕು ಯಾರಿಗಾದ್ರೂ ಇದ್ರೆ ನನಗೊಬ್ಬಳಿಗೆ. ನಿಮಗೆಲ್ಲಿಂದ ಬಂತು? ಹಸ್ಕೊಂಡಿದ್ದಾಗ ಯಾರು ತುತ್ತು ಇಟ್ರಿ? ಬೆತ್ತಲೆ ತಿರುಗ್ತಾಳೆ ಅಂತೀರಲ್ಲ, ಒಬ್ಬರಾದ್ರೂ ಒಂದು ಬಟ್ಟೆ ಹೊದಿಸಿದ್ರಾ? ನೋಡಿದ್ರಿ, ಓಡಿ ಹೋಗಿ ಪಕ್ಕದ ಮನೇಲಿ ಹೇಳಿದ್ರಿ! ಹಿರಿಯರೇ, ಸಭೆಗೆ ಸೀಮೆಎಣ್ಣೆ ಯಾಕೆ ಬಂದಿದೆ? ಕೇಳಿ ಅವನನ್ನ. ಅವನಿಗೆ ಬೇಕಾಗಿರೋದು ನ್ಯಾಯನಾ, ಇವಳ ಚಹಾ ತೋಟನಾ?"

"ಬಾಯಿ ಬಿಗಿಹಿಡಿ ಚಿಕ್ಕಮ್ಮ," ಅಂದ ಒಂಬಾಟಿ.

"ಹಿಡಿಯಲ್ಲ. ಲೋ ಜಾಬ್ಲನ್! ತಲೆ ಎತ್ತೋ. ನಿನ್ನ ತಾಯಿ ಇಲ್ಲಿ ಕೂತಿದಾಳೆ. ಇವರು ಸುಡೋಕೆ ಎಣ್ಣೆ ತಂದಿದಾರೆ. ಆ ಎಣ್ಣೆ ನಿನ್ನ ಅಂಗಡೀದೇ ತಾನೆ? ಒಂದು ಮಾತಾಡು!"

ಜಾಬ್ಲನ್ ಮುಂದಿನವನ ಬೆನ್ನ ಮರೆಗೆ ಸರಿದ.

ಗೆಸಾರೆ ಬೊಚಬೇರಿಯ ರಟ್ಟೆ ಹಿಡಿದು ಎಬ್ಬಿಸಿದಳು. "ನಡಿ. ಇವತ್ತಿಂದ ನನ್ನ ಮನೇಲಿ ಇರ್ತೀಯ. ಇವಳು ಮಾಟಗಾತಿ ಅಂದ್ರೆ ನಾನೂ ಮಾಟಗಾತಿ. ಒಂದೇ ಗಂಡನ ಮನೆ, ಒಂದೇ ಅಂಗಳ. ಸುಡೋರು ನನ್ನ ಬಾಗಿಲಿಗೆ ಬರ್ರಿ, ನನ್ನ ಮುಖ ನೋಡ್ಕೊಂಡು ಸುಡ್ರಿ."

ಯಾರೂ ತಡೆಯಲಿಲ್ಲ. ಯಾರೂ ದಾರಿಯನ್ನೂ ಬಿಡಲಿಲ್ಲ. ಗೆಸಾರೆ ಮೊಣಕೈಯಿಂದ ಜನರನ್ನು ಸರಿಸುತ್ತ ಹೊರಟಳು. "ಊಟ ಹಾಕದೆ ಕಳಿಸ್ತಿದಾರಲ್ಲೇ, ಎಂಥ ಮದುವೆ ಇದು," ಎಂದು ಬೊಚಬೇರಿ ಹಿಂದಿರುಗಿ ಹಿಂದಿರುಗಿ ನೋಡುತ್ತಿದ್ದಳು.

ಬೆಳಗಾಗುವಷ್ಟರಲ್ಲಿ ಬಾಳೆ ಸಾಲಿನ ಆಚೆ ಬೊಚಬೇರಿಯ ಮನೆ ಇರಲಿಲ್ಲ. ಕರಿ ಗೋಡೆಯ ಒಂದು ಮೂಲೆ, ಸೊಟ್ಟಗಾದ ತಗಡು, ಇನ್ನೂ ಹೊಗೆಯಾಡುತ್ತಿದ್ದ ಕಂಬ. ಪೊಲೀಸರು ಬಂದು, ಒಳಗೆ ಯಾರೂ ಇರಲಿಲ್ಲವಲ್ಲ ಎಂದು ಕೇಳಿಕೊಂಡು, ಅದರಿಂದ ತಮ್ಮ ಕೆಲಸ ಕಡಿಮೆಯಾಯಿತೆಂಬಂತೆ ಹೊರಟುಹೋದರು. ಊರಿನಲ್ಲಿ ಯಾರೂ ಏನೂ ನೋಡಿರಲಿಲ್ಲ.

ಬೊಚಬೇರಿ ಗೆಸಾರೆಯ ಕೈ ಹಿಡಿದು ನಿಂತು ಆ ಬೂದಿಯನ್ನು ಬಹಳ ಹೊತ್ತು ನೋಡಿದಳು. "ಪಾಪ," ಅಂದಳು. "ಯಾರ ಮನೆಯೋ."

ಬಿಸಿಲೇರಿದ ಮೇಲೆ ಜಾಬ್ಲನ್ ಬಂದ. ಬೂದಿಯ ಮುಂದೆ ಕುಕ್ಕರಿಸಿ, ಮುಖ ಮುಚ್ಚಿಕೊಂಡು ಅತ್ತ. ಗೆಸಾರೆ ಬಾಗಿಲಲ್ಲಿ ನಿಂತು ನೋಡಿದಳು. ಅವಳಿಗೆ ಕರಗಬೇಕೆನಿಸಲಿಲ್ಲ.

"ಚಿಕ್ಕಮ್ಮ, ನಾನೇನು ಮಾಡಲಿ ಹೇಳು."

"ನಿನ್ನೆ ಹೇಳಿದ್ದೆ, ಮಾಡಲಿಲ್ಲ. ಈಗ ನೀರು ಹೊತ್ಕೊಂಡು ಬಾ. ಅವಳ ಬಟ್ಟೆ ಒಗೀಬೇಕು. ದಿನಾ ಬೇಕು ನೀರು, ಒಂದು ದಿನಕ್ಕಲ್ಲ."

ಅವನು ಕ್ಯಾನು ಎತ್ತಿಕೊಂಡು ತೊರೆಗೆ ಇಳಿದ. ಮಾರನೆಯ ದಿನವೂ ಬಂದ. ಜನ ಏಳುವ ಮೊದಲೇ ತಂದಿಟ್ಟು ಹೋಗಲು ನೋಡುತ್ತಿದ್ದ. ಗೆಸಾರೆ ಅದಕ್ಕೂ ಬಿಡಲಿಲ್ಲ. "ಮಧ್ಯಾಹ್ನ ತಾ. ಎಲ್ಲರೂ ನೋಡಲಿ," ಅಂದಳು. ಸಂತೆಬೀದಿಯ ಅಂಗಡಿಕಾರ, ತಾಯಿಯ ಮೈ ತೊಳೆಯುವ ನೀರನ್ನು ಹೆಗಲ ಮೇಲೆ ಹೊತ್ತು, ಊರ ಕಣ್ಣೆದುರು ದಿಣ್ಣೆ ಹತ್ತಿದ.

ಗೆಸಾರೆಯ ಮನೆಯಲ್ಲಿ ಸುಖವೇನೂ ತುಂಬಿ ತುಳುಕಲಿಲ್ಲ. ಬೊಚಬೇರಿ ಹಾಸಿಗೆ ಒದ್ದೆ ಮಾಡಿದಳು. ಬಾಯಿಗಿಟ್ಟ ಮುದ್ದೆಯನ್ನು ಉಗಿದಳು. ಬೆರಳು ಕಚ್ಚಿದಳು. "ನನ್ನ ಗಂಡನ್ನ ಎಲ್ಲಿ ಬಚ್ಚಿಟ್ಟಿದ್ದೀಯ?" ಎಂದು ದಿನಕ್ಕೆ ಹತ್ತು ಸಲ ಕೇಳಿದಳು. ಎಂಟು ಸಲ ಗೆಸಾರೆ, "ಸಂತೆಗೆ ಹೋಗಿದಾನೆ, ಬರ್ತಾನೆ," ಅಂದಳು. ಉಳಿದೆರಡು ಸಲ ತಾಳ್ಮೆ ಕೆಟ್ಟು, "ಸತ್ತ ಕಣೇ, ಇಬ್ಬರಿಗೂ ಕೈಕೊಟ್ಟು ಸತ್ತ," ಎಂದು ಕಿರುಚಿದಳು. ಆಗ ಬೊಚಬೇರಿ ಮೊದಲ ಸಲ ಕೇಳಿದಂತೆ ಅಳುತ್ತಿದ್ದಳು. ಗೆಸಾರೆ ಡಾಕ್ಟರಮ್ಮನ ಮಾತು ನೆನಪಾಗಿ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳುತ್ತಿದ್ದಳು.

ಕೆಮುಂಟೊಳ ಮಗು ಉಳಿಯಿತು. ಆಸ್ಪತ್ರೆಯಲ್ಲಿ ರಕ್ತ ನೋಡಿ ಮಲೇರಿಯಾ ಎಂದಿದ್ದರು, ಸೂಜಿ ಹಾಕಿದ್ದರು, ಮಗು ಕಣ್ಣು ಬಿಟ್ಟಿತ್ತು. ಸುದ್ದಿ ಕೇಳಿ ಗೆಸಾರೆಗೆ ಎದೆ ಹಗುರಾಯಿತು. ಇನ್ನಾದರೂ ಯಾರಾದರೂ ಬಂದು ಒಂದು ಮಾತು ಆಡುತ್ತಾರೆ ಎಂದು ಕಾದಳು. ಯಾರೂ ಬರಲಿಲ್ಲ. ತೊರೆಯಲ್ಲಿ ಅವಳು ಬಿಂದಿಗೆ ಇಳಿಸಿದರೆ ಉಳಿದವರು ತಮ್ಮದನ್ನು ಎತ್ತಿಕೊಳ್ಳುತ್ತಿದ್ದರು.

ಆ ಊರಿನ ಚರ್ಚಿಗೆ ಆರಾಧನೆಯ ದಿನವಾದ ಶನಿವಾರ ಅವಳು ಬೊಚಬೇರಿಗೆ ಸ್ನಾನ ಮಾಡಿಸಿ, ತನ್ನದೇ ಒಳ್ಳೆಯ ಗೌನು ತೊಡಿಸಿ, ತಲೆಗೆ ಬಿಳಿ ವಸ್ತ್ರ ಕಟ್ಟಿ ಚರ್ಚಿಗೆ ಕರೆದುಕೊಂಡು ಹೋದಳು. ಹಿಂದೆ ಕೂರಲಿಲ್ಲ. ಕೈ ಹಿಡಿದು ನಡೆಸಿಕೊಂಡು ಹೋಗಿ ಎರಡನೆಯ ಬೆಂಚಿನಲ್ಲಿ, ಹೆಂಗಸರ ನಡುವೆ ಕೂರಿಸಿದಳು. ಹಾಡು ಶುರುವಾದಾಗ ಬೊಚಬೇರಿ ಒಂದು ಪದವೂ ತಪ್ಪದೆ ಹಾಡಿದಳು. ಹಾಡು ಮುಗಿದಮೇಲೂ ಹಾಡುತ್ತಿದ್ದಳು. ಗೆಸಾರೆ ತಡೆಯಲಿಲ್ಲ.

ಪಾಸ್ಟರ್ ಎದ್ದುನಿಂತು ಕೈಯೆತ್ತಿದರು. ಮುಂದಿನ ಬೆಂಚಿನಲ್ಲಿ ಕೆಮುಂಟೊ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

"ಈ ಮಗುವನ್ನು ಶತ್ರುವಿನ ಕೈಯಿಂದ ಬಿಡಿಸಿದ ದೇವರಿಗೆ ಸ್ತೋತ್ರ! ಕತ್ತಲೆಯ ಕೆಲಸ ಮಾಡುವವರು ನಮ್ಮ ನಡುವೆಯೇ ಇರಬಹುದು. ಆದರೆ ಪ್ರಾರ್ಥನೆಯ ಮುಂದೆ ಅವರ ಶಕ್ತಿ ನಡೆಯಲಿಲ್ಲ!"

"ಆಮೆನ್," ಅಂದಿತು ಚರ್ಚು.

ಗೆಸಾರೆ ಎದ್ದಳು.

"ಮಲೇರಿಯಾ, ಪಾಸ್ಟರ್," ಅಂದಳು. ಕೂಗಲಿಲ್ಲ, ಆದರೂ ಕೊನೆಯ ಬೆಂಚಿನವರೆಗೂ ಕೇಳಿಸಿತು. "ಅದರ ಹೆಸರು ಮಲೇರಿಯಾ. ಕೆಮುಂಟೊನ ಕೇಳಿ, ಅವಳಿಗೆ ಗೊತ್ತು. ಇವಳಿಗೆ ಬಂದಿರೋ ಕಾಯಿಲೆಗೂ ಒಂದು ಹೆಸರಿದೆ. ಮನೆ ಸುಟ್ಟವರಿಗೂ ಹೆಸರಿದೆ. ಅವರೂ ಈಗ ಆಮೆನ್ ಅಂದ್ರು, ನಾನು ಕೇಳಿಸ್ಕೊಂಡೆ."

ಪಾಸ್ಟರ್ ಎತ್ತಿದ ಕೈ ಹಾಗೇ ಇತ್ತು. ಕೆಮುಂಟೊ ಮಗುವಿನ ತಲೆಯ ಮೇಲೆ ಮುಖ ಬಗ್ಗಿಸಿದಳು. ಗೆಸಾರೆ ಕೂತುಕೊಂಡಳು.

ಪಕ್ಕದಲ್ಲಿದ್ದ ಹೆಂಗಸು ಗೌನು ಸರಿಪಡಿಸಿಕೊಂಡು ಎದ್ದು ಹಿಂದಕ್ಕೆ ಹೋದಳು. ಆಮೇಲೆ ಅವಳ ಪಕ್ಕದವಳು. ಒಬ್ಬೊಬ್ಬರಾಗಿ ಎದ್ದು, ಸದ್ದಾಗದಂತೆ ಹೆಜ್ಜೆ ಇಟ್ಟು, ಬೆಂಚು ಪೂರ್ತಿ ಖಾಲಿ ಮಾಡಿದರು. ಪಾಸ್ಟರ್ ಪುಸ್ತಕದ ಹಾಳೆ ತಿರುವಿ, ನೆರೆಯವರನ್ನು ಪ್ರೀತಿಸುವ ಕುರಿತು ಓದತೊಡಗಿದರು.

ಬೊಚಬೇರಿ ಆ ಕಡೆ ಈ ಕಡೆ ನೋಡಿದಳು. ಇಷ್ಟು ಜಾಗ ಸಿಕ್ಕಿದ್ದು ಅವಳಿಗೆ ಇಷ್ಟವಾದಂತಿತ್ತು. ಚಪ್ಪಲಿ ಕಳಚಿ, ಕಾಲು ಮೇಲೆತ್ತಿ ಬೆಂಚಿನುದ್ದಕ್ಕೂ ಚಾಚಿದಳು. ನಿಧಾನಕ್ಕೆ ಒರಗಿ, ತಲೆಯನ್ನು ಸವತಿಯ ತೊಡೆಯ ಮೇಲಿಟ್ಟು ಕಣ್ಣು ಮುಚ್ಚಿದಳು. ಗೆಸಾರೆ ಸರಿದಿದ್ದ ಗೌನಿನ ಅಂಚನ್ನು ಅವಳ ಮೊಣಕಾಲಿನ ಮೇಲೆ ಎಳೆದಳು. ತಲೆಯ ಮೇಲೆ ಒಂದು ಕೈ ಇಟ್ಟಳು. ಆಮೇಲೆ ಮುಖ ಎತ್ತಿ, ಪಾಸ್ಟರ್ ಓದಿ ಮುಗಿಸುವವರೆಗೂ ಅವರ ಕಣ್ಣನ್ನೇ ನೋಡುತ್ತ ಕೂತಳು.